ವಿದೇಶಿ ಭಾಷೆಯ ಪ್ರವೇಶ ಪರೀಕ್ಷೆಯಲ್ಲಿ ಆಲೋಚನಾ ಕೌಶಲವನ್ನು ಅಳೆಯುವುದು ಹೇಗೆ: ಪ್ರಶ್ನೆಪತ್ರಿಕೆ ತಯಾರಕರಿಗೆ ಸಮಗ್ರ ಮಾರ್ಗದರ್ಶಿ

ವಿಶ್ವವಿದ್ಯಾಲಯದ ಪ್ರವೇಶ ಪರೀಕ್ಷೆಗೆ ವಿದೇಶಿ ಭಾಷೆಯ ಪ್ರಶ್ನೆಗಳನ್ನು ಬರೆಯುವವರಿಗೆ ‘ಕಂಠಪಾಠದ ಪ್ರಶ್ನೆ ಬೇಡ, ಯೋಚಿಸಿ ಉತ್ತರಿಸುವಂಥದ್ದು ಬೇಕು’ ಎಂಬ ಸೂಚನೆ ಬಂದಾಗ, ಬಹುತೇಕರು ಮೊದಲು ಮಾಡುವ ಕೆಲಸವೆಂದರೆ ಕಠಿಣವಾದ ಗದ್ಯಭಾಗವೊಂದನ್ನು ಹುಡುಕಿ ತರುವುದು. ಪದಗಳು ಅಪರೂಪದವಾಗುತ್ತವೆ, ವಾಕ್ಯಗಳು ಉದ್ದವಾಗುತ್ತವೆ, ಆಯ್ಕೆಗಳು ಗೋಜಲಾಗುತ್ತವೆ. ಅಂಕಗಳು ಇಳಿಯುತ್ತವೆ, ಅಂಕಗಳು ಇಳಿದದ್ದನ್ನೇ ಆಲೋಚನೆ ಅಳೆದದ್ದಕ್ಕೆ ಸಾಕ್ಷಿಯೆಂದು ಭಾವಿಸಲಾಗುತ್ತದೆ. ವಾಸ್ತವದಲ್ಲಿ ಅಳತೆಗೆ ಸಿಕ್ಕದ್ದು ಪದಸಂಪತ್ತು ಮಾತ್ರ. ಭಾಷೆಯ ತೊಡಕನ್ನು ತಗ್ಗಿಸಿ ಆಲೋಚನೆಯ ತೊಡಕನ್ನು ಮಾತ್ರ ಉಳಿಸುವುದೇ ಈ ಕೆಲಸದ ತಿರುಳು. ಅದು ಸಾಧ್ಯವಾಗಬೇಕಾದರೆ ಹೆಜ್ಜೆಗಳ ಕ್ರಮ ಬಹಳ ಮುಖ್ಯವಾಗುತ್ತದೆ. ನಾನು ಪರಿಶೀಲಿಸಿದ ಪತ್ರಿಕೆಗಳಲ್ಲಿ ಕೆಟ್ಟ ಪ್ರಶ್ನೆಗಳಲ್ಲಿ ಹೆಚ್ಚಿನವು ಅಸಾಮರ್ಥ್ಯದಿಂದ ಹುಟ್ಟಿದವಲ್ಲ, ಕ್ರಮ ತಪ್ಪಿದ್ದರಿಂದ ಹುಟ್ಟಿದವು.

ಆರಂಭಕ್ಕೆ ಮುನ್ನ: ಕೈಯಲ್ಲಿ ಇರಬೇಕಾದವು

ಪರೀಕ್ಷೆಯ ನೀಲನಕ್ಷೆ, ಅಭ್ಯರ್ಥಿಗಳು ಓದಿ ಬಂದಿರುವ ಪಠ್ಯಕ್ರಮದ ಪದಪಟ್ಟಿ, ಪ್ರತಿ ಪ್ರಶ್ನೆಗೂ ಒಂದೊಂದು ಪ್ರತ್ಯೇಕ ಹಾಳೆ, ಲೆಕ್ಕಕ್ಕೆ ಒಂದು ಸಾಮಾನ್ಯ ಸ್ಪ್ರೆಡ್‌ಶೀಟ್, ಇಷ್ಟಿದ್ದರೆ ಸಲಕರಣೆಗಳ ಮಾತು ಮುಗಿಯಿತು. ಪರೀಕ್ಷೆಯ ಮಟ್ಟವನ್ನು ಯೂರೋಪಿನ ಸಾಮಾನ್ಯ ಭಾಷಾ ಚೌಕಟ್ಟಿನ ಎ1ರಿಂದ ಸಿ2ರವರೆಗಿನ ಆರು ಹಂತಗಳಲ್ಲಿ ಗುರುತಿಸುವ ರೂಢಿಯಿದ್ದರೆ, ಆ ಹಂತದ ವಿವರಣೆಯೂ ಪಕ್ಕದಲ್ಲಿರಲಿ.

ಇವೆಲ್ಲಕ್ಕಿಂತ ಅಗತ್ಯವಾದದ್ದು ಜನ. ಪ್ರಶ್ನೆ ಬರೆದವರನ್ನು ಬಿಟ್ಟು ಕನಿಷ್ಠ ಮೂವರು ಬೇಕು: ಗದ್ಯಭಾಗವನ್ನು ನೋಡದೆಯೇ ಪ್ರಶ್ನೆಗಳನ್ನು ಬಿಡಿಸುವವರೊಬ್ಬರು, ಸರಿಯುತ್ತರ ತಿಳಿಯದೆ ಇಡೀ ಪ್ರಶ್ನೆಯನ್ನು ಬಿಡಿಸುವವರೊಬ್ಬರು, ಹಾಗೂ ಉತ್ತರವನ್ನು ಪ್ರಶ್ನಿಸುವುದೇ ತಮ್ಮ ಕೆಲಸವೆಂದು ತಿಳಿದವರೊಬ್ಬರು. ಒಬ್ಬರೇ ಕುಳಿತು ಬರೆದು, ಒಬ್ಬರೇ ಪರಿಶೀಲಿಸಿ, ಒಬ್ಬರೇ ಮುದ್ರಣಕ್ಕೆ ಕಳುಹಿಸುವ ವ್ಯವಸ್ಥೆಯಿದ್ದರೆ ಮುಂದಿನ ಹಂತಗಳು ಅಷ್ಟಾಗಿ ಫಲ ನೀಡುವುದಿಲ್ಲ.

ಹಂತ 1: ಅಳೆಯಬೇಕಾದ ಆಲೋಚನೆಯನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ

‘ವಿಮರ್ಶಾತ್ಮಕ ಚಿಂತನೆ’ ಎಂಬ ದೊಡ್ಡ ಹೆಸರಿನಿಂದ ಪ್ರಶ್ನೆ ಹುಟ್ಟುವುದಿಲ್ಲ. ಅದನ್ನು ಒಡೆಯಬೇಕು. ವಿದೇಶಿ ಭಾಷೆಯ ಪತ್ರಿಕೆಯಲ್ಲಿ ನಂಬಿಕೆಯಿಂದ ಅಳೆಯಬಹುದಾದವು ಕೆಲವೇ: ಬಾಯಿಬಿಟ್ಟು ಹೇಳದ್ದನ್ನು ಹೇಳಿದ್ದರಿಂದ ತರ್ಕಿಸಿ ತಿಳಿಯುವುದು, ವಾದವನ್ನೂ ಅದಕ್ಕೆ ಕೊಟ್ಟ ಆಧಾರವನ್ನೂ ಬೇರ್ಪಡಿಸುವುದು, ಕಾರಣಕ್ಕೂ ಕಾಕತಾಳೀಯಕ್ಕೂ ಇರುವ ವ್ಯತ್ಯಾಸವನ್ನು ಗುರುತಿಸುವುದು, ಲೇಖಕರು ಎಷ್ಟು ಖಚಿತವಾಗಿ ಮಾತನಾಡುತ್ತಿದ್ದಾರೆ ಎಂಬುದನ್ನು ಅಳೆಯುವುದು, ಎರಡು ಬರಹಗಳು ಎಲ್ಲಿ ಒಪ್ಪುತ್ತವೆ, ಎಲ್ಲಿ ಭಿನ್ನವಾಗುತ್ತವೆ ಎಂಬುದನ್ನು ಜೋಡಿಸಿ ನೋಡುವುದು.

ಪ್ರತಿ ಪ್ರಶ್ನೆಯ ಹಾಳೆಯ ಮೇಲ್ಭಾಗದಲ್ಲಿ, ಪ್ರಶ್ನೆ ಬರೆಯುವ ಮೊದಲು, ‘ಈ ಪ್ರಶ್ನೆಗೆ ಸರಿಯಾಗಿ ಉತ್ತರಿಸಿದವರು ಇಂಥದ್ದನ್ನು ಮಾಡಬಲ್ಲರು’ ಎಂಬ ವಾಕ್ಯವನ್ನು ಪೂರ್ಣವಾಗಿ ಬರೆಯಿರಿ. ‘ವರದಿಯ ತೀರ್ಮಾನಕ್ಕೆ ಹೊಂದದ ಸಂಗತಿಯನ್ನು ಅದೇ ವರದಿಯೊಳಗೆ ಗುರುತಿಸಬಲ್ಲರು’ ಎಂಬುದು ಉಪಯುಕ್ತವಾದ ವಾಕ್ಯ. ‘ಗದ್ಯಭಾಗವನ್ನು ಆಳವಾಗಿ ಅರ್ಥಮಾಡಿಕೊಳ್ಳಬಲ್ಲರು’ ಎಂಬುದು ಯಾವ ಪ್ರಶ್ನೆಯ ಮೇಲೆ ಬೇಕಾದರೂ ಅಂಟಿಸಬಹುದಾದ ಚೀಟಿ, ಅದರಿಂದ ಪ್ರಯೋಜನವಿಲ್ಲ.

ಸಾಮಾನ್ಯ ತಪ್ಪು: 1956ರಲ್ಲಿ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಪ್ರಕಟಿಸಿದ, 2001ರಲ್ಲಿ ಪರಿಷ್ಕೃತಗೊಂಡ, ಕಲಿಕೆಯ ಗುರಿಗಳನ್ನು ಆರು ಸ್ತರಗಳಲ್ಲಿ ಜೋಡಿಸುವ ವರ್ಗೀಕರಣದಿಂದ ಕ್ರಿಯಾಪದವೊಂದನ್ನು ಎತ್ತಿ ಪ್ರಶ್ನೆಗೆ ತೊಡಿಸುವುದು. ‘ವಿಶ್ಲೇಷಿಸಿ’ ಎಂದು ಬರೆದ ಮಾತ್ರಕ್ಕೆ ವಿಶ್ಲೇಷಣೆ ನಡೆಯುವುದಿಲ್ಲ. ಉತ್ತರವು ಎರಡನೆಯ ಪ್ಯಾರಾದಿಂದ ಹಾಗೆಯೇ ನಕಲು ಮಾಡಲು ಸಿಗುವುದಾದರೆ ಅದು ಹುಡುಕಾಟದ ಪ್ರಶ್ನೆಯೇ ಸರಿ, ಕ್ರಿಯಾಪದ ಏನೇ ಇರಲಿ.

ಹಂತ 2: ಭಾಷೆಯ ಹೊರೆಗೆ ಮಿತಿ ಹಾಕಿ

ಅಭ್ಯರ್ಥಿಯು ತಪ್ಪು ಉತ್ತರ ಕೊಟ್ಟಾಗ ಅದು ಯೋಚಿಸಲಾಗದೆ ಕೊಟ್ಟದ್ದೋ ಓದಲಾಗದೆ ಕೊಟ್ಟದ್ದೋ ಎಂದು ಹೇಳಲು ಬರಬೇಕು. ಇದಕ್ಕೆ ಮೊದಲ ಕಾವಲು ಪದಗಳ ಎಣಿಕೆ. ಹು ಮತ್ತು ನೇಷನ್ ಅವರು 2000ರಲ್ಲಿ ಪ್ರಕಟಿಸಿದ ಅಧ್ಯಯನದ ಅನಂತರ, ಬರಹವೊಂದನ್ನು ನೆರವಿಲ್ಲದೆ ಅರ್ಥಮಾಡಿಕೊಳ್ಳಲು ಅದರ ಸುಮಾರು 98 ಶೇಕಡಾ ಪದಗಳು ಓದುಗರಿಗೆ ಗೊತ್ತಿರಬೇಕೆಂಬ ಅಳತೆ ಬಳಕೆಯಲ್ಲಿದೆ. 300 ಪದಗಳ ಗದ್ಯಭಾಗದಲ್ಲಿ ಹಾಗೆಂದರೆ ಅಪರಿಚಿತ ಪದಗಳು 6 ಮಾತ್ರ. 95 ಶೇಕಡಾಕ್ಕೆ ಇಳಿದರೆ ಅವು 15 ಆಗುತ್ತವೆ, ಅಂದರೆ ಪ್ರತಿ ಇಪ್ಪತ್ತು ಪದಕ್ಕೊಂದು. ಅಲ್ಲಿಗೆ ಓದು ಎಡವುತ್ತ ಸಾಗುತ್ತದೆ.

ಪದಪಟ್ಟಿಯನ್ನು ಪಕ್ಕದಲ್ಲಿಟ್ಟುಕೊಂಡು ಪಟ್ಟಿಯಲ್ಲಿಲ್ಲದ ಪದಗಳಿಗೆಲ್ಲ ಗೆರೆ ಎಳೆಯಿರಿ. ತರ್ಕಕ್ಕೆ ಬೇಡದ ಅಪರೂಪದ ಪದವನ್ನು ಬದಲಿಸಿ. ಬದಲಿಸಲಾಗದ ಪದಕ್ಕೆ ಅಡಿಯಲ್ಲಿ ಅರ್ಥ ಕೊಡಿ. ಆಲೋಚನೆಯ ಪ್ರಶ್ನೆಗಳಿರುವ ಗದ್ಯಭಾಗದ ಭಾಷೆಯು ಪರೀಕ್ಷೆಯ ಮಟ್ಟಕ್ಕಿಂತ ಒಂದು ಮೆಟ್ಟಿಲು ಕೆಳಗಿರಬೇಕು, ಪ್ರಶ್ನೆ ಮತ್ತು ಆಯ್ಕೆಗಳ ಭಾಷೆ ಅದಕ್ಕಿಂತಲೂ ಸರಳವಾಗಿರಬೇಕು ಎಂಬುದು ನಾನು ಬಿಡದೆ ಪಾಲಿಸುವ ನಿಯಮ. ಗದ್ಯಭಾಗವನ್ನು ಸಲೀಸಾಗಿ ಓದಿದ ಅಭ್ಯರ್ಥಿ ಆಯ್ಕೆಗಳ ವಾಕ್ಯರಚನೆಯಲ್ಲಿ ಸಿಕ್ಕಿಕೊಂಡು ಅಂಕ ಕಳೆದುಕೊಳ್ಳುವುದು ಅನ್ಯಾಯ.

ಎರಡನೆಯ ಕಾವಲು ಜೋಡಿ ಪ್ರಶ್ನೆ. ಪ್ರತಿ ಗದ್ಯಭಾಗಕ್ಕೂ, ಆಲೋಚನೆಯ ಪ್ರಶ್ನೆಗೆ ಅಗತ್ಯವಾದ ಮಾಹಿತಿಯನ್ನು ನೇರವಾಗಿ ಕೇಳುವ ಒಂದು ಸರಳ ಪ್ರಶ್ನೆಯನ್ನು ಇಡಿ. ಅದರಲ್ಲೇ ಎಡವಿದವರ ತಪ್ಪು ಭಾಷೆಯದು. ಅದನ್ನು ದಾಟಿ ಮುಂದಿನದರಲ್ಲಿ ಎಡವಿದವರ ತಪ್ಪು ತರ್ಕದ್ದು. ಆದರೆ ಸರಳ ಪ್ರಶ್ನೆಯ ಆಯ್ಕೆಗಳು ಕಠಿಣ ಪ್ರಶ್ನೆಗೆ ಸುಳಿವು ಕೊಡಬಾರದು. ಇದನ್ನು ಮರೆಯುವವರೇ ಹೆಚ್ಚು.

ಹಂತ 3: ಯೋಚಿಸಲು ಏನಾದರೂ ಇರುವ ಗದ್ಯಭಾಗವನ್ನು ಆರಿಸಿ

ವಿಶ್ವಕೋಶದ ಧಾಟಿಯ ವಿವರಣೆಯಿಂದ ಆಲೋಚನೆಯ ಪ್ರಶ್ನೆ ಹುಟ್ಟುವುದಿಲ್ಲ, ಏಕೆಂದರೆ ಅಲ್ಲಿ ಹೇಳಬೇಕಾದ್ದನ್ನೆಲ್ಲ ಹೇಳಿ ಮುಗಿಸಿರುತ್ತಾರೆ. ಒಂದು ವಾದ, ಅದಕ್ಕೊಂದು ಆಧಾರ, ಅವೆರಡರ ನಡುವೆ ಒಂದು ಬಿರುಕು ಇರುವ ಬರಹ ಬೇಕು. ಸಂಪಾದಕರಿಗೆ ಬಂದ ಪತ್ರ, ಚಿಕ್ಕ ವರದಿ, ಒಂದೇ ವಿಷಯದ ಮೇಲೆ ಇಬ್ಬರ ಅಭಿಪ್ರಾಯ, ಅಂಕಿಪಟ್ಟಿಯ ಜೊತೆಗಿರುವ ಟಿಪ್ಪಣಿ ಇಂಥವು ಚೆನ್ನಾಗಿ ಒದಗುತ್ತವೆ. ಎಲ್ಲರಿಗೂ ಗೊತ್ತಿರುವ ವಿಷಯವಾದರೆ ಅಭ್ಯರ್ಥಿ ಓದದೆಯೇ ಉತ್ತರಿಸುತ್ತಾರೆ. ಒಂದು ವರ್ಗದವರಿಗೆ ಮಾತ್ರ ಗೊತ್ತಿರುವ ವಿಷಯವಾದರೆ ಉಳಿದವರಿಗೆ ಅನ್ಯಾಯವಾಗುತ್ತದೆ. ಜೀವಶಾಸ್ತ್ರ ಓದಿದವರಿಗೆ ಸಲೀಸಾಗುವ ಕೋಶವಿಭಜನೆಯ ಗದ್ಯಭಾಗವು ವಾಣಿಜ್ಯ ಓದಿದವರಿಗೆ ಬೇರೆಯದೇ ಪರೀಕ್ಷೆಯಾಗುತ್ತದೆ.

ಸರಳೀಕರಿಸುವಾಗ ಆಗುವ ಅನಾಹುತವೊಂದನ್ನು ಇಲ್ಲಿ ವಿವರವಾಗಿ ಹೇಳಬೇಕು. ಮೂಲದಲ್ಲಿ ಇಂಥ ವಾಕ್ಯವಿದೆ ಎಂದಿಟ್ಟುಕೊಳ್ಳಿ: ‘ಹೊಸ ವೇಳಾಪಟ್ಟಿಯಿಂದ ವಿದ್ಯಾರ್ಥಿಗಳ ನಿದ್ರೆ ಸ್ವಲ್ಪ ಹೆಚ್ಚಿರಬಹುದು, ಆದರೂ ಅಂಕಗಳು ಏರಿದ್ದಕ್ಕೆ ಅದೊಂದೇ ಕಾರಣವೆಂದು ಹೇಳಲಾಗದು.’ ವಾಕ್ಯ ಉದ್ದವಾಯಿತೆಂದು ಅದನ್ನು ಕತ್ತರಿಸಿದವರು ಹೀಗೆ ಬರೆಯುತ್ತಾರೆ: ‘ಹೊಸ ವೇಳಾಪಟ್ಟಿಯಿಂದ ವಿದ್ಯಾರ್ಥಿಗಳ ನಿದ್ರೆ ಹೆಚ್ಚಿತು. ಅಂಕಗಳು ಏರಿದವು. ಬೇರೆ ಕಾರಣಗಳೂ ಇವೆ.’ ಇಲ್ಲಿ ‘ಇರಬಹುದು’ ಹೋಯಿತು, ‘ಆದರೂ’ ಹೋಯಿತು, ‘ಹೇಳಲಾಗದು’ ಹೋಯಿತು. ಲೇಖಕರ ಎಚ್ಚರಿಕೆಯೆಲ್ಲ ಆ ಮೂರು ಮಾತುಗಳಲ್ಲೇ ಇತ್ತು. ಇನ್ನು ಈ ಗದ್ಯಭಾಗದ ಮೇಲೆ ‘ಲೇಖಕರ ನಿಲುವೇನು’ ಎಂದು ಕೇಳಿದರೆ ಉತ್ತರಿಸಲು ಆಧಾರವೇ ಉಳಿದಿಲ್ಲ. ನಾಮಪದಗಳನ್ನು ಸರಳಗೊಳಿಸಿ, ವಾಕ್ಯಗಳನ್ನು ಬೇಕಾದರೆ ಒಡೆಯಿರಿ. ಸಂಬಂಧಸೂಚಕ ಪದಗಳನ್ನೂ ಸಂಭವವನ್ನು ಸೂಚಿಸುವ ಕ್ರಿಯಾರೂಪಗಳನ್ನೂ ಮುಟ್ಟಬೇಡಿ.

ಹಂತ 4: ಪ್ರಶ್ನೆಗಿಂತ ಮೊದಲು ಉತ್ತರವನ್ನೂ ಅದರ ಆಧಾರವನ್ನೂ ಬರೆಯಿರಿ

ಹಾಳೆಯಲ್ಲಿ ಸರಿಯುತ್ತರವನ್ನು ಬರೆದು, ಅದಕ್ಕೆ ಆಧಾರವಾದ ಸಾಲುಗಳ ಸಂಖ್ಯೆಯನ್ನೂ ಆ ಸಾಲುಗಳಿಂದ ಉತ್ತರಕ್ಕೆ ತಲುಪುವ ತರ್ಕವನ್ನೂ ಎರಡು ಮೂರು ವಾಕ್ಯಗಳಲ್ಲಿ ದಾಖಲಿಸಿ. ಒಂದೇ ಸಾಲಿನಿಂದ ಉತ್ತರ ಸಿಕ್ಕರೆ ಅದು ಬಹುಪಾಲು ಹುಡುಕಾಟದ ಪ್ರಶ್ನೆ. ಕನಿಷ್ಠ ಎರಡು ಸಾಲುಗಳನ್ನು ಜೋಡಿಸಬೇಕಾದರೆ ಮಾತ್ರ ಮುಂದುವರಿಯಿರಿ.

ಉದಾಹರಣೆಗೆ ಒಂದು ಚಿಕ್ಕ ಗದ್ಯಭಾಗವನ್ನು ನೋಡೋಣ. ಪತ್ರಿಕೆಯಲ್ಲಿ ಇದು ಪರೀಕ್ಷೆಯ ಭಾಷೆಯಲ್ಲಿರುತ್ತದೆ. ತರ್ಕ ಕಾಣಲೆಂದು ಇಲ್ಲಿ ಕನ್ನಡದಲ್ಲಿ ಕೊಟ್ಟಿದ್ದೇನೆ.

‘ನಮ್ಮ ಗ್ರಂಥಾಲಯವು ಕಳೆದ ತಿಂಗಳಿಂದ ಸಂಜೆ 6ರ ಬದಲು ರಾತ್ರಿ 9ರವರೆಗೆ ತೆರೆದಿರುತ್ತಿದೆ. ಓದುವ ಕೋಣೆಗೆ ಹೊಸ ಕುರ್ಚಿಗಳೂ ಬಂದಿವೆ. ಕಳೆದ ತಿಂಗಳು ಶಾಲೆಗಳಲ್ಲಿ ಪರೀಕ್ಷೆಗಳಿದ್ದವು. ಆ ತಿಂಗಳು ಬಂದ ಓದುಗರ ಸಂಖ್ಯೆ ಹಿಂದಿನ ತಿಂಗಳಿಗಿಂತ ಹೆಚ್ಚು. ಹೆಚ್ಚಾಗಿ ಬಂದವರಲ್ಲಿ ಬಹುಪಾಲು ಮಂದಿ ಮಧ್ಯಾಹ್ನ ಬಂದು ಸಂಜೆ 5ರೊಳಗೆ ಹೊರಟರು. ಸಮಯವನ್ನು ವಿಸ್ತರಿಸಿದ್ದರಿಂದಲೇ ಓದುಗರು ಹೆಚ್ಚಿದ್ದಾರೆ ಎಂಬುದು ಇದರಿಂದ ತಿಳಿಯುತ್ತದೆ.’

ಪ್ರಶ್ನೆ: ವರದಿಯ ಕೊನೆಯ ವಾಕ್ಯದ ತೀರ್ಮಾನವನ್ನು ಯಾವ ಸಂಗತಿ ದುರ್ಬಲಗೊಳಿಸುತ್ತದೆ?

ಮೊದಲ ನೋಟಕ್ಕೆ ಇದು ಒಳ್ಳೆಯ ಪ್ರಶ್ನೆ. ಹೆಚ್ಚಾಗಿ ಬಂದವರು ಸಂಜೆ 5ರೊಳಗೆ ಹೊರಟರು ಎಂಬುದನ್ನು, ವಿಸ್ತರಿಸಿದ ಸಮಯ 6ರ ಅನಂತರದ್ದು ಎಂಬುದರ ಜೊತೆಗೆ ಜೋಡಿಸಿದಾಗ ತೀರ್ಮಾನ ಕುಸಿಯುತ್ತದೆ. ಪದಗಳೆಲ್ಲ ಸರಳ, ತರ್ಕ ಮಾತ್ರ ಎರಡು ಹೆಜ್ಜೆಯದು. ಆದರೆ ಆಧಾರದ ಸಾಲುಗಳನ್ನು ಬರೆಯಲು ಕುಳಿತಾಗ ದೋಷ ಕಾಣುತ್ತದೆ: ಶಾಲೆಗಳಲ್ಲಿ ಪರೀಕ್ಷೆಗಳಿದ್ದವು ಎಂಬ ಸಾಲು ಕೂಡ ಅದೇ ತೀರ್ಮಾನವನ್ನು ದುರ್ಬಲಗೊಳಿಸುತ್ತದೆ, ಏಕೆಂದರೆ ಅದು ಓದುಗರು ಹೆಚ್ಚಿದ್ದಕ್ಕೆ ಇನ್ನೊಂದು ಕಾರಣವನ್ನು ಮುಂದಿಡುತ್ತದೆ. ಹೊಸ ಕುರ್ಚಿಗಳ ಬಗ್ಗೆಯೂ ಹಾಗೆಯೇ ವಾದಿಸಬಹುದು. ಹೀಗೆ ಚುರುಕಾಗಿ ಯೋಚಿಸಿದ ಅಭ್ಯರ್ಥಿಗೇ ಶಿಕ್ಷೆಯಾಗುತ್ತದೆ. ‘ಯಾವುದು ಅತಿ ಹೆಚ್ಚು ದುರ್ಬಲಗೊಳಿಸುತ್ತದೆ’ ಎಂದು ಪ್ರಶ್ನೆಯನ್ನು ತಿದ್ದಿ ಪಾರಾಗುವವರಿದ್ದಾರೆ. ಅದರಿಂದ ದೋಷ ಮುಚ್ಚಿಹೋಗುತ್ತದೆಯೇ ಹೊರತು ಹೋಗುವುದಿಲ್ಲ.

ಪರಿಹಾರ ಎರಡಿವೆ. ಬಹು ಆಯ್ಕೆಯ ಪ್ರಶ್ನೆಯೇ ಬೇಕಾದರೆ ಪರೀಕ್ಷೆಯ ಸಾಲನ್ನೂ ಕುರ್ಚಿಗಳ ಸಾಲನ್ನೂ ತೆಗೆದು, ಅಲ್ಲಿ ಓದುಗರ ಸಂಖ್ಯೆಗೆ ಸಂಬಂಧಿಸದ ಸಂಗತಿಯನ್ನು, ಉದಾಹರಣೆಗೆ ವರದಿಯನ್ನು ಸಮಿತಿಯ ಸಭೆಯಲ್ಲಿ ಓದಲಾಯಿತು ಎಂಬುದನ್ನು, ಸೇರಿಸಿ. ಬರೆದು ಉತ್ತರಿಸುವ ಪ್ರಶ್ನೆಯಾಗಿದ್ದರೆ ಎಲ್ಲವನ್ನೂ ಉಳಿಸಿಕೊಂಡು, ತೀರ್ಮಾನವನ್ನು ಒಪ್ಪಲಾಗದ ಎರಡು ಕಾರಣಗಳನ್ನು ಗದ್ಯಭಾಗದಿಂದಲೇ ಕೊಡಲು ಹೇಳಿ. ಎರಡನೆಯದು ಉತ್ತಮ ಪ್ರಶ್ನೆ. ಮೌಲ್ಯಮಾಪಕರು ಸಾಕಷ್ಟಿದ್ದರೆ ಅದನ್ನೇ ಆರಿಸಿ.

ಹಂತ 5: ತಪ್ಪು ಆಯ್ಕೆ ಪ್ರತಿಯೊಂದೂ ಒಂದು ತಪ್ಪು ತರ್ಕದಿಂದ ಹುಟ್ಟಲಿ

ತಪ್ಪು ಆಯ್ಕೆಯೆಂದರೆ ಜಾಗ ತುಂಬುವ ವಾಕ್ಯವಲ್ಲ. ಅದನ್ನು ಆರಿಸಿದವರು ಎಲ್ಲಿ ಎಡವಿದರು ಎಂಬುದು ಅದರಿಂದಲೇ ತಿಳಿಯಬೇಕು. ತಿದ್ದಿದ ಗ್ರಂಥಾಲಯದ ಪ್ರಶ್ನೆಗೆ ‘ಕಳೆದ ತಿಂಗಳು ಓದುಗರು ಹೆಚ್ಚು ಬಂದರು’ ಎಂಬ ಆಯ್ಕೆಯನ್ನು ಇಟ್ಟರೆ, ವಾದದ ಆಧಾರವನ್ನೇ ಅದರ ವಿರುದ್ಧದ ಸಾಕ್ಷಿಯೆಂದು ತಿಳಿದವರು ಅಲ್ಲಿ ಸಿಗುತ್ತಾರೆ. ‘ವರದಿಯನ್ನು ಸಭೆಯಲ್ಲಿ ಓದಲಾಯಿತು’ ಎಂಬುದು ನಿಜವಾದರೂ ಅಪ್ರಸ್ತುತವಾದದ್ದನ್ನು ಬೇರ್ಪಡಿಸಲಾಗದವರಿಗೆ. ‘ರಾತ್ರಿ ಹೊತ್ತು ಹೊರಗೆ ಬರಲು ಜನ ಹಿಂಜರಿಯುತ್ತಾರೆ’ ಎಂಬುದು ಗದ್ಯಭಾಗದಲ್ಲಿ ಇಲ್ಲದ್ದನ್ನು ತಮ್ಮ ಅನುಭವದಿಂದ ತುಂಬಿಕೊಳ್ಳುವವರಿಗೆ. ಹಾಳೆಯಲ್ಲಿ ಪ್ರತಿ ಆಯ್ಕೆಯ ಎದುರು ಅದರ ತಪ್ಪು ತರ್ಕವನ್ನು ಬರೆದಿಡಿ. ಬರೆಯಲು ಏನೂ ಹೊಳೆಯದ ಆಯ್ಕೆಯನ್ನು ಹೊಡೆದುಹಾಕಿ.

ನಾಲ್ಕನೆಯ ಆಯ್ಕೆ ಎಷ್ಟು ಯತ್ನಿಸಿದರೂ ಹುಟ್ಟದಿದ್ದರೆ ಮೂರಕ್ಕೇ ನಿಲ್ಲಿಸುವುದು ಮೇಲು. ಮೈಕೆಲ್ ರಾಡ್ರಿಗೆಜ್ ಅವರು ದಶಕಗಳ ಸಂಶೋಧನೆಗಳನ್ನು ಒಟ್ಟುಗೂಡಿಸಿ 2005ರಲ್ಲಿ ಪ್ರಕಟಿಸಿದ ವಿಶ್ಲೇಷಣೆಯು ಬಹುಪಾಲು ಸಂದರ್ಭಗಳಲ್ಲಿ ಮೂರು ಆಯ್ಕೆಗಳೇ ಸಾಕೆಂಬ ತೀರ್ಮಾನಕ್ಕೆ ಬಂದಿತ್ತು. ಆಯ್ಕೆಗಳನ್ನು ಕಡಿಮೆ ಮಾಡಿದರೆ ಊಹಿಸಿ ಗೆಲ್ಲುವ ಸಂಭವ 25 ಶೇಕಡಾದಿಂದ 33 ಶೇಕಡಾಕ್ಕೆ ಏರುವುದು ನಿಜ; ಆದರೆ ಯಾರೂ ಆರಿಸದ ನಾಲ್ಕನೆಯ ಆಯ್ಕೆ ಇದ್ದಾಗಲೂ ಅದು 33 ಶೇಕಡಾವೇ ಆಗಿತ್ತು.

ಅಪಾಯದ ಸೂಚನೆಗಳು: ಸರಿಯುತ್ತರವೇ ಎಲ್ಲಕ್ಕಿಂತ ಉದ್ದವಾಗಿರುವುದು, ತಪ್ಪು ಆಯ್ಕೆಗಳಲ್ಲಿ ಮಾತ್ರ ‘ಯಾವಾಗಲೂ’, ‘ಎಂದಿಗೂ’ ಎಂಬ ಪದಗಳಿರುವುದು, ಸರಿಯುತ್ತರದಲ್ಲಿ ಗದ್ಯಭಾಗದ ಪದಗಳೇ ಮರುಕಳಿಸುವುದು, ‘ಮೇಲಿನ ಎಲ್ಲವೂ’ ಎಂಬ ಆಯ್ಕೆ. ಕೋಚಿಂಗ್ ಪಡೆದ ಅಭ್ಯರ್ಥಿಗೆ ಇವು ಒಂದೊಂದೂ ತೆರೆದ ಬಾಗಿಲು.

ಹಂತ 6: ಗದ್ಯಭಾಗ ಮುಚ್ಚಿ ಒಮ್ಮೆ, ಮಾತೃಭಾಷೆಯಲ್ಲಿ ಇನ್ನೊಮ್ಮೆ ಪರೀಕ್ಷಿಸಿ

ಈ ಹಂತವನ್ನು ಬಹುತೇಕ ಸಮಿತಿಗಳು ಬಿಟ್ಟುಬಿಡುತ್ತವೆ. ಎರಡು ಮಧ್ಯಾಹ್ನಗಳ ಕೆಲಸವಷ್ಟೆ, ಇದರಿಂದ ತಿಳಿಯುವಷ್ಟು ಬೇರೆ ಯಾವುದರಿಂದಲೂ ಇಷ್ಟು ಅಗ್ಗವಾಗಿ ತಿಳಿಯುವುದಿಲ್ಲ.

ಮೊದಲನೆಯದು: ಗದ್ಯಭಾಗವನ್ನು ಕೊಡದೆ ಪ್ರಶ್ನೆ ಮತ್ತು ಆಯ್ಕೆಗಳನ್ನು ಮಾತ್ರ 12 ಮಂದಿಗೆ ಕೊಡಿ. ನಾಲ್ಕು ಆಯ್ಕೆಗಳಿದ್ದರೆ ಊಹೆಯಿಂದ ಸುಮಾರು ಮೂವರ ಉತ್ತರ ಸರಿಯಾಗಬಹುದು. ಎಂಟು ಮಂದಿ ಸರಿಯುತ್ತರ ಕೊಟ್ಟರೆ ಪ್ರಶ್ನೆಗೆ ಗದ್ಯಭಾಗವೇ ಬೇಕಾಗಿಲ್ಲ ಎಂದರ್ಥ. ಲೋಕಜ್ಞಾನವೋ ಆಯ್ಕೆಗಳ ರೂಪವೋ ಉತ್ತರವನ್ನು ಬಿಟ್ಟುಕೊಟ್ಟಿದೆ.

ಎರಡನೆಯದು: ಗದ್ಯಭಾಗವನ್ನೂ ಪ್ರಶ್ನೆಯನ್ನೂ ಅಭ್ಯರ್ಥಿಗಳ ಮಾತೃಭಾಷೆಗೆ ತಂದು, ಅದೇ ವಯಸ್ಸಿನ ಬೇರೆ ವಿದ್ಯಾರ್ಥಿಗಳಿಗೆ ಕೊಡಿ. ಅವರು ಕ್ಷಣಾರ್ಧದಲ್ಲಿ, ತಡವರಿಸದೆ, ಎಲ್ಲರೂ ಸರಿಯಾಗಿ ಉತ್ತರಿಸಿದರೆ ಪ್ರಶ್ನೆಯಲ್ಲಿ ಆಲೋಚನೆಯ ಅಂಶವೇ ಇಲ್ಲ, ಇದ್ದ ಕಷ್ಟವೆಲ್ಲ ಭಾಷೆಯದು. ಬಹುಮಂದಿ ತಪ್ಪಿದರೆ ಪ್ರಶ್ನೆ ದೋಷಪೂರ್ಣವಾಗಿದೆ, ಇಲ್ಲವೇ ಅದು ಭಾಷೆಯ ಪರೀಕ್ಷೆಗೆ ಸಲ್ಲದ ತರ್ಕದ ಒಗಟು. ಸ್ವಲ್ಪ ಹೊತ್ತು ಯೋಚಿಸಿ ಬಹುಪಾಲು ಮಂದಿ ಸರಿಯಾಗಿ ಉತ್ತರಿಸಿ, ಕೆಲವರು ನೀವು ಊಹಿಸಿದ್ದ ತಪ್ಪು ಆಯ್ಕೆಗಳಲ್ಲೇ ಸಿಕ್ಕಿಕೊಂಡರೆ ಆ ಪ್ರಶ್ನೆಯನ್ನು ಉಳಿಸಿಕೊಳ್ಳಿ.

ಪ್ರಶ್ನೆಗಳ ಗೋಪ್ಯತೆಯ ಬಗ್ಗೆ ಆತಂಕವಿದ್ದರೆ ಬಿಡಿಸುವವರನ್ನು ಆ ವರ್ಷ ಪರೀಕ್ಷೆ ಬರೆಯದವರಿಂದ ಆರಿಸಿ, ಹಾಳೆಗಳನ್ನು ಎಣಿಸಿ ಹಿಂದಕ್ಕೆ ಪಡೆಯಿರಿ.

ಹಂತ 7: ಅಭ್ಯರ್ಥಿಯ ಪಕ್ಕದಲ್ಲಿ ಕುಳಿತು ಕೇಳಿ

ಐದಾರು ವಿದ್ಯಾರ್ಥಿಗಳನ್ನು ಒಬ್ಬೊಬ್ಬರನ್ನಾಗಿ ಕೂರಿಸಿ, ಪ್ರಶ್ನೆ ಬಿಡಿಸುವಾಗ ಮನಸ್ಸಿನಲ್ಲಿ ನಡೆಯುವುದನ್ನೆಲ್ಲ ಗಟ್ಟಿಯಾಗಿ ಹೇಳುತ್ತ ಹೋಗಲು ತಿಳಿಸಿ. ಅವರು ತಮ್ಮ ಭಾಷೆಯಲ್ಲೇ ಮಾತನಾಡಲಿ. ವಿದೇಶಿ ಭಾಷೆಯಲ್ಲಿ ಹೇಳಬೇಕೆಂದರೆ ಹೇಳಲು ಬರುವುದನ್ನಷ್ಟೇ ಹೇಳುತ್ತಾರೆ, ಯೋಚಿಸಿದ್ದನ್ನಲ್ಲ. ನೀವು ತಿದ್ದಬೇಡಿ, ಸುಳಿವು ಕೊಡಬೇಡಿ, ತಲೆಯಾಡಿಸಬೇಡಿ.

ಒಮ್ಮೆ ಒಬ್ಬ ಹುಡುಗಿ ನಾನು ಬರೆದ ಪ್ರಶ್ನೆಗೆ ತಟ್ಟನೆ ಸರಿಯುತ್ತರವನ್ನು ಆರಿಸಿದಳು. ನನಗೆ ಸಮಾಧಾನವಾಗಿತ್ತು. ಹೇಗೆ ಗೊತ್ತಾಯಿತು ಎಂದು ಕೇಳಿದಾಗ ಆಕೆ ಹೇಳಿದ್ದು ಇಷ್ಟೇ: ‘ಉಳಿದ ಮೂರರಲ್ಲೂ ಗದ್ಯಭಾಗದ ಪದಗಳೇ ಇವೆ ಸರ್, ಇದರಲ್ಲಿ ಮಾತ್ರ ಇಲ್ಲ. ಇಂಥ ಪ್ರಶ್ನೆಗೆ ಅದೇ ಉತ್ತರ ಇರುತ್ತೆ.’ ಸರಿಯುತ್ತರದಲ್ಲಿ ಗದ್ಯಭಾಗದ ಪದಗಳು ಮರುಕಳಿಸಬಾರದೆಂಬ ನಿಯಮವನ್ನು ನಾನು ಎಷ್ಟು ನಿಷ್ಠೆಯಿಂದ ಪಾಲಿಸಿದ್ದೆನೆಂದರೆ ಆ ನಿಷ್ಠೆಯೇ ಸುಳಿವಾಗಿತ್ತು. ಅಂದಿನಿಂದ ಒಂದೇ ಪ್ರಶ್ನೆಯ ಎಲ್ಲ ಆಯ್ಕೆಗಳಲ್ಲೂ ಮರುಕಳಿಸುವ ಪದಗಳು ಸಮಪ್ರಮಾಣದಲ್ಲಿರುವಂತೆ ನೋಡಿಕೊಳ್ಳುತ್ತೇನೆ. ಸರಿಯುತ್ತರ ಬಂದದ್ದನ್ನು ಎಣಿಸಿ ಸುಮ್ಮನಾಗದೆ ಅದು ಬಂದ ದಾರಿಯನ್ನು ಕೇಳಿಸಿಕೊಂಡಾಗ ಮಾತ್ರ ಇಂಥವು ಕಾಣುತ್ತವೆ.

ಹಂತ 8: ಬರವಣಿಗೆಯಲ್ಲಿ ತರ್ಕಕ್ಕೂ ಭಾಷೆಗೂ ಬೇರೆ ಬೇರೆ ಅಂಕ ಇಡಿ

ಎರಡು ಮೂಲಗಳನ್ನು ಕೊಟ್ಟು ಅವುಗಳ ಸಂಬಂಧವನ್ನು ಬರೆಯಿಸುವುದು ಆಲೋಚನೆಯನ್ನು ಅಳೆಯಲು ಅತ್ಯಂತ ಸೂಕ್ತವಾದ ವಿಧಾನ. ಇಂಗ್ಲಿಷ್ ಸಾಮರ್ಥ್ಯವನ್ನು ಅಳೆಯುವ ಟೋಫೆಲ್ ಪರೀಕ್ಷೆಯು 2005ರಲ್ಲಿ ಅಂತರ್ಜಾಲ ಆಧಾರಿತ ರೂಪಕ್ಕೆ ಬಂದಾಗ ಚಿಕ್ಕ ಬರಹವೊಂದನ್ನು ಓದಿ, ಅದೇ ವಿಷಯದ ಉಪನ್ಯಾಸವನ್ನು ಕೇಳಿ, ಉಪನ್ಯಾಸವು ಬರಹದ ವಾದಕ್ಕೆ ಹೇಗೆ ಸಂಬಂಧಿಸುತ್ತದೆ ಎಂದು ಬರೆಯುವ ಪ್ರಶ್ನೆಯನ್ನು ಅಳವಡಿಸಿತ್ತು. ಇಂಥ ಪ್ರಶ್ನೆಯ ಬಲವೆಂದರೆ ಬಾಯಿಪಾಠದ ಪ್ರಬಂಧ ಅಲ್ಲಿ ನಿಲ್ಲುವುದಿಲ್ಲ. ಆದರೆ ಅಂಕ ನೀಡಿಕೆ ಸಡಿಲವಾಗಿದ್ದರೆ ಅಲ್ಲೂ ನಿಂತುಬಿಡುತ್ತದೆ.

ಗ್ರಂಥಾಲಯದ ವರದಿಯ ಜೊತೆಗೆ ಓದುಗರೊಬ್ಬರ ಪತ್ರವನ್ನೂ ಕೊಟ್ಟು, ರಾತ್ರಿಯ ಸಮಯವನ್ನು ಮುಂದುವರಿಸಬೇಕೇ ಎಂದು ಕೇಳಲಾಗಿದೆ ಎನ್ನಿ. ಒಂದು ಉತ್ತರ ವ್ಯಾಕರಣದ ತಪ್ಪುಗಳಿಂದ ತುಂಬಿದ್ದರೂ ಹೇಳುವುದು ಇದನ್ನು: ‘ರಾತ್ರಿ ಸಮಯ ಕಾರಣ ಅಲ್ಲ. ಜನ ಬಂದದ್ದು ಮಧ್ಯಾಹ್ನ. ಮೊದಲು ರಾತ್ರಿ ಬಂದವರನ್ನು ಎಣಿಸಬೇಕು, ಆಮೇಲೆ ನಿರ್ಧಾರ.’ ಇನ್ನೊಂದು ಉತ್ತರದಲ್ಲಿ ಒಂದು ತಪ್ಪೂ ಇಲ್ಲ: ‘ಇಂದಿನ ಆಧುನಿಕ ಯುಗದಲ್ಲಿ ಪ್ರತಿಯೊಂದು ವಿಷಯಕ್ಕೂ ಎರಡು ಮುಖಗಳಿರುತ್ತವೆ. ಒಂದೆಡೆ ಇದರಿಂದ ಅನೇಕ ಪ್ರಯೋಜನಗಳಿವೆ, ಇನ್ನೊಂದೆಡೆ ಕೆಲವು ತೊಂದರೆಗಳೂ ಇಲ್ಲದಿಲ್ಲ.’ ತರ್ಕದ ಅಂಕಣದಲ್ಲಿ ಮೊದಲನೆಯದಕ್ಕೆ ಪೂರ್ಣ ಅಂಕ, ಎರಡನೆಯದಕ್ಕೆ ಸೊನ್ನೆ. ಭಾಷೆಯ ಅಂಕಣದಲ್ಲಿ ಸ್ಥಾನ ಅದಲುಬದಲು. ಒಂದೇ ಒಟ್ಟು ಅಂಕ ಕೊಡುವ ಪದ್ಧತಿಯಲ್ಲಿ ಎರಡನೆಯ ಉತ್ತರವೇ ಗೆಲ್ಲುವುದನ್ನು ನಾನು ಮತ್ತೆ ಮತ್ತೆ ನೋಡಿದ್ದೇನೆ, ಏಕೆಂದರೆ ನಿರರ್ಗಳವಾದ ಬರಹ ದಣಿದ ಕಣ್ಣಿಗೆ ವಿಚಾರಪೂರ್ಣವಾಗಿ ಕಾಣುತ್ತದೆ.

ಮೌಲ್ಯಮಾಪಕರಿಗೆ ಸರಳವಾದ ಒಂದು ಪ್ರಯೋಗ ಹೇಳಿಕೊಡಿ: ಉತ್ತರದಲ್ಲಿರುವ ‘ಗ್ರಂಥಾಲಯ’ ಎಂಬ ಪದವನ್ನು ಅಳಿಸಿ ‘ಮೊಬೈಲ್’ ಎಂದು ಬರೆದರೂ ಪ್ರಬಂಧ ಹಾಗೆಯೇ ನಿಲ್ಲುತ್ತದೆಯೇ? ನಿಲ್ಲುವುದಾದರೆ ಅದು ಅಚ್ಚು ಹಾಕಿ ತಂದ ಉತ್ತರ.

ತರ್ಕದ ಅಂಕಣಕ್ಕೆ 0ರಿಂದ 3ರವರೆಗೆ ನಾಲ್ಕು ದರ್ಜೆ ಸಾಕು. ಪ್ರತಿ ದರ್ಜೆಗೂ ವಿವರಣೆಯ ಜೊತೆಗೆ ನಿಜವಾದ ಉತ್ತರಪತ್ರಿಕೆಗಳಿಂದ ಆರಿಸಿದ ಮಾದರಿಗಳನ್ನು ಕೊಟ್ಟು, ಮೌಲ್ಯಮಾಪಕರೆಲ್ಲ ಅವನ್ನು ಮೊದಲು ತಾವೇ ತಿದ್ದಿ, ಅನಂತರ ಚರ್ಚಿಸಿ, ಆಮೇಲೆ ಕೆಲಸ ಆರಂಭಿಸಲಿ. ಪ್ರತಿ ಉತ್ತರವನ್ನೂ ಇಬ್ಬರು ಸ್ವತಂತ್ರವಾಗಿ ತಿದ್ದಬೇಕು; ಒಂದಕ್ಕಿಂತ ಹೆಚ್ಚು ದರ್ಜೆಯ ಅಂತರ ಬಂದರೆ ಮೂರನೆಯವರಿಗೆ ಹೋಗಬೇಕು.

ಇಬ್ಬರ ಹೊಂದಾಣಿಕೆಯನ್ನು ಬರಿಯ ಶೇಕಡಾವಾರಿನಲ್ಲಿ ಲೆಕ್ಕ ಹಾಕಬೇಡಿ. ಇಬ್ಬರೂ 90 ಶೇಕಡಾ ಉತ್ತರಗಳನ್ನು ‘ತೃಪ್ತಿಕರ’ ಎಂದು ಗುರುತಿಸುವವರಾದರೆ, ಕಣ್ಣುಮುಚ್ಚಿ ಗುರುತು ಹಾಕಿದರೂ 82 ಶೇಕಡಾ ಉತ್ತರಗಳಲ್ಲಿ ಅವರ ಗುರುತುಗಳು ಹೊಂದುತ್ತವೆ (0.9×0.9 ಹಾಗೂ 0.1×0.1 ಕೂಡಿಸಿ ನೋಡಿ). ಆಕಸ್ಮಿಕ ಹೊಂದಾಣಿಕೆಯನ್ನು ಕಳೆದು ಉಳಿದದ್ದನ್ನು ಅಳೆಯುವ ಕೋಹೆನ್ ಅವರ ಕಪ್ಪಾ ಸೂಚ್ಯಂಕ 1960ರಿಂದಲೂ ಲಭ್ಯವಿದೆ. ಸ್ಪ್ರೆಡ್‌ಶೀಟಿನಲ್ಲೇ ಅದನ್ನು ಲೆಕ್ಕ ಹಾಕಬಹುದು.

ಹಂತ 9: ಸಮಯವನ್ನು ಮರುಲೆಕ್ಕ ಹಾಕಿ

ಜಪಾನಿನ ವಿಶ್ವವಿದ್ಯಾಲಯ ಪ್ರವೇಶದ ಸಾಮಾನ್ಯ ಪರೀಕ್ಷೆಯು 2021ರಲ್ಲಿ ಹೊಸ ರೂಪದಲ್ಲಿ ಬಂದಾಗ ಇಂಗ್ಲಿಷ್ ಪತ್ರಿಕೆಯಿಂದ ಉಚ್ಚಾರಣೆ, ಸ್ವರಾಘಾತ, ಪದಕ್ರಮಗಳ ಬಿಡಿ ಪ್ರಶ್ನೆಗಳನ್ನು ಕೈಬಿಟ್ಟು, 80 ನಿಮಿಷಗಳನ್ನೂ ಓದಿಗೇ ಮೀಸಲಿಡಲಾಯಿತು. ಇಂಥ ಬದಲಾವಣೆ ಮಾಡಿದಾಗ ಓದಬೇಕಾದ ಪದಗಳ ಮೊತ್ತ ಏರುತ್ತದೆ. ಅದನ್ನು ಗಮನಿಸದಿದ್ದರೆ ಯೋಚಿಸುವವರಿಗಿಂತ ಬೇಗ ಓದುವವರಿಗೆ ಅಂಕ ಹೋಗುತ್ತದೆ. ಪ್ರಾಯೋಗಿಕ ಪರೀಕ್ಷೆಯಲ್ಲಿ ಕೊನೆಯ ನಾಲ್ಕೈದು ಪ್ರಶ್ನೆಗಳನ್ನು ಬಹಳ ಮಂದಿ ಖಾಲಿ ಬಿಟ್ಟಿದ್ದರೆ, ಅಥವಾ ಸಾಲಾಗಿ ಒಂದೇ ಅಕ್ಷರವನ್ನು ಗುರುತಿಸಿದ್ದರೆ, ಗದ್ಯಭಾಗವೊಂದನ್ನು ತೆಗೆಯಿರಿ. ಪ್ರಶ್ನೆಗಳನ್ನು ಸುಲಭಗೊಳಿಸುವುದು ಇದಕ್ಕೆ ಮದ್ದಲ್ಲ.

ಹಂತ 10: ಅಂಕಿಗಳನ್ನು ಸರಿಯಾದ ಪ್ರಶ್ನೆ ಕೇಳಿ ಓದಿ

ಪ್ರಾಯೋಗಿಕ ಪರೀಕ್ಷೆಯ ಅನಂತರ ಮೊದಲ ಲೆಕ್ಕ ಎಲ್ಲರಿಗೂ ಗೊತ್ತಿರುವುದೇ: ಎಷ್ಟು ಮಂದಿ ಸರಿಯಾಗಿ ಉತ್ತರಿಸಿದರು, ಮತ್ತು ಒಟ್ಟು ಅಂಕದಲ್ಲಿ ಮೇಲಿನ 27 ಶೇಕಡಾ ಹಾಗೂ ಕೆಳಗಿನ 27 ಶೇಕಡಾ ಗುಂಪುಗಳ ನಡುವಿನ ಅಂತರವೆಷ್ಟು. 200 ಮಂದಿ ಬರೆದಿದ್ದರೆ ಪ್ರತಿ ಗುಂಪಿನಲ್ಲಿ 54 ಮಂದಿ. ಮೇಲಿನವರಲ್ಲಿ 40, ಕೆಳಗಿನವರಲ್ಲಿ 20 ಮಂದಿ ಸರಿಯಾಗಿದ್ದರೆ ವ್ಯತ್ಯಾಸ 20ನ್ನು 54ರಿಂದ ಭಾಗಿಸಿ 0.37. ಸಾಮಾನ್ಯವಾಗಿ 0.3ಕ್ಕಿಂತ ಮೇಲಿನದನ್ನು ಒಳ್ಳೆಯದೆಂದೂ 0.2ಕ್ಕಿಂತ ಕೆಳಗಿನದನ್ನು ತಿದ್ದಬೇಕಾದದ್ದೆಂದೂ ಎಣಿಸುತ್ತಾರೆ. ಸೊನ್ನೆಗಿಂತ ಕೆಳಗಿಳಿದರೆ ಮೊದಲು ಸರಿಯುತ್ತರದ ಪಟ್ಟಿಯನ್ನೇ ಅನುಮಾನಿಸಿ.

ಆದರೆ ಈ ಲೆಕ್ಕವೊಂದನ್ನೇ ನಂಬಿದರೆ ಮೋಸ ಹೋಗುತ್ತೀರಿ. ಪದಸಂಪತ್ತನ್ನು ಅಳೆಯುವ ಪ್ರಶ್ನೆಯೂ ಇದರಲ್ಲಿ ಚೆನ್ನಾಗಿಯೇ ಕಾಣುತ್ತದೆ, ಏಕೆಂದರೆ ಒಟ್ಟು ಅಂಕದಲ್ಲಿ ಹೆಚ್ಚಿನ ಪಾಲು ಭಾಷೆಯದೇ. ಆದ್ದರಿಂದ ಇನ್ನೆರಡು ಲೆಕ್ಕ ಮಾಡಿ. ಜೋಡಿ ಪ್ರಶ್ನೆಗಳಲ್ಲಿ ಸರಳವಾದದ್ದಕ್ಕೆ ಸರಿಯಾಗಿ ಉತ್ತರಿಸಿದವರನ್ನು ಮಾತ್ರ ಬೇರೆ ತೆಗೆದು, ಅವರಲ್ಲಿ ಆಲೋಚನೆಯ ಪ್ರಶ್ನೆಯನ್ನು ದಾಟಿದವರೆಷ್ಟು ಎಂದು ನೋಡಿ. ಬಹುತೇಕ ಎಲ್ಲರೂ ದಾಟಿದ್ದರೆ ಎರಡನೆಯ ಪ್ರಶ್ನೆ ಹೊಸದೇನನ್ನೂ ತಿಳಿಸುತ್ತಿಲ್ಲ. ಅನಂತರ ಆಲೋಚನೆಯ ಪ್ರಶ್ನೆಗಳ ಒಟ್ಟು ಅಂಕವನ್ನು ಪದ ಮತ್ತು ವ್ಯಾಕರಣ ವಿಭಾಗದ ಅಂಕದ ಜೊತೆಗೆ ಹೋಲಿಸಿ. ಅವೆರಡೂ ಒಂದನ್ನೊಂದು ನೆರಳಿನಂತೆ ಹಿಂಬಾಲಿಸಿದರೆ ಹಂತ 2ಕ್ಕೆ ಹಿಂದಿರುಗಿ. ಸಮಾನ ಅಂಕ ಪಡೆದ ಎರಡು ಗುಂಪುಗಳಲ್ಲಿ, ಉದಾಹರಣೆಗೆ ವಿಜ್ಞಾನ ಓದಿದವರು ಮತ್ತು ಕಲೆ ಓದಿದವರಲ್ಲಿ, ಒಂದು ಗುಂಪು ಮಾತ್ರ ನಿರ್ದಿಷ್ಟ ಪ್ರಶ್ನೆಯಲ್ಲಿ ಹಿಂದೆ ಬಿದ್ದರೆ ಗದ್ಯಭಾಗದ ವಿಷಯವನ್ನು ಮತ್ತೆ ಪರಿಶೀಲಿಸಿ.

ಹಂತ 11: ಫಲಿತಾಂಶ ಪ್ರಕಟಿಸುವಾಗ

ನಾಲ್ಕೈದು ಪ್ರಶ್ನೆಗಳ ಆಧಾರದ ಮೇಲೆ ‘ಆಲೋಚನಾ ಕೌಶಲ’ ಎಂಬ ಪ್ರತ್ಯೇಕ ಅಂಕವನ್ನು ಅಭ್ಯರ್ಥಿಯ ಅಂಕಪಟ್ಟಿಯಲ್ಲಿ ಮುದ್ರಿಸಬೇಡಿ. ಅಷ್ಟು ಕಡಿಮೆ ಪ್ರಶ್ನೆಗಳಲ್ಲಿ ಒಂದು ಊಹೆ ಸರಿಹೋದರೂ ಅಂಕ 20ರಿಂದ 25 ಶೇಕಡಾ ಏರುತ್ತದೆ, ಮತ್ತು ಪ್ರವೇಶವು ಅದರ ಮೇಲೆ ನಿಲ್ಲಬಹುದು. ಪ್ರಶ್ನೆಗಳ ಸಂಖ್ಯೆ ಹೆಚ್ಚಿ, ಅವುಗಳ ಪರಸ್ಪರ ಹೊಂದಾಣಿಕೆ ಸಾಬೀತಾಗುವವರೆಗೆ ಅವು ಓದು ಮತ್ತು ಬರವಣಿಗೆಯ ಅಂಕದೊಳಗೇ ಸೇರಿರಲಿ.

ಸರಿಯುತ್ತರಗಳ ಪಟ್ಟಿ ಪ್ರಕಟವಾದ ದಿನವೇ ಆಕ್ಷೇಪಣೆಗಳು ಬರುತ್ತವೆ, ಮತ್ತು ಆಲೋಚನೆಯ ಪ್ರಶ್ನೆಗಳ ಮೇಲೆಯೇ ಹೆಚ್ಚು ಬರುತ್ತವೆ. ಹಂತ 4 ಮತ್ತು 5ರ ಹಾಳೆಗಳು ಆಗ ಕೈಗೆ ಸಿಗುವಂತಿರಲಿ: ಆಧಾರದ ಸಾಲುಗಳು, ತರ್ಕದ ಹೆಜ್ಜೆಗಳು, ಪ್ರತಿ ತಪ್ಪು ಆಯ್ಕೆಯನ್ನು ತಿರಸ್ಕರಿಸಿದ ಕಾರಣ. ಆಕ್ಷೇಪಣೆಯಲ್ಲಿರುವ ತರ್ಕವನ್ನು ಈ ಹಾಳೆಯ ಪಕ್ಕದಲ್ಲಿಟ್ಟು, ಪ್ರಶ್ನೆ ಬರೆಯದ ಇಬ್ಬರು ಓದಲಿ. ಅಭ್ಯರ್ಥಿಯ ತರ್ಕ ನಿಲ್ಲುವಂಥದ್ದಾದರೆ ಆ ಉತ್ತರಕ್ಕೂ ಅಂಕ ಕೊಡಿ, ಮತ್ತು ಆ ಆಕ್ಷೇಪಣೆಯ ಪ್ರತಿಯನ್ನು ಪ್ರಶ್ನೆಯ ಹಾಳೆಗೆ ಪಿನ್ ಮಾಡಿ ಮುಂದಿನ ವರ್ಷದ ತಂಡಕ್ಕೆ ಹಸ್ತಾಂತರಿಸಿ.